ಎಫ್‌ಡಿ ಮುರಿಸುವ ಮುನ್ನ

ಪ್ರಶ್ನೆ: ನಾವು ಡೊಂಬಿವಲಿ ಪೂರ್ವದಲ್ಲಿದ್ದೇವೆ. ಮಗ ಐರೋಲಿಯ ಐಟಿ ಕಂಪನಿಯಲ್ಲಿದ್ದಾನೆ. ಲೋಕಲ್‌ನಲ್ಲಿ ಹೋಗುವಾಗಲೂ ಮೊಬೈಲ್‌ನಲ್ಲಿ ಕ್ರಿಪ್ಟೊ ಫ್ಯೂಚರ್ಸ್. 'ಶೇರ್ ಮಾರ್ಕೆಟ್ ಇದ್ದ ಹಾಗೆಯೇ, ಆ್ಯಪ್ ಸರ್ಕಾರದಲ್ಲಿ ನೋಂದಣಿಯಾಗಿದೆ, 30% ತೆರಿಗೆಯೂ ಇಲ್ಲ' ಎನ್ನುತ್ತಾನೆ. ಈಗ ಅಪ್ಪನ ಗ್ರಾಚ್ಯುಟಿಯ ಎಫ್‌ಡಿ ಮುರಿಸಿ ಕೊಡು ಎಂದು ಹಟ ಹಿಡಿದಿದ್ದಾನೆ. ಕೊಡಲೇ?

ಉತ್ತರ: ಕೊಡಬೇಡಿ, ಅಮ್ಮಾ.

ನಿಫ್ಟಿ ಫ್ಯೂಚರ್ಸ್ ನಡೆಯುವುದು ಸೆಬಿ ಮಾನ್ಯತೆಯ ಎಕ್ಸ್‌ಚೇಂಜ್‌ನಲ್ಲಿ. ಬ್ರೋಕರ್ ಮೋಸ ಮಾಡಿದರೆ ಸೆಬಿಗೆ ದೂರು ಕೊಡಬಹುದು, ಅವನು ದಿವಾಳಿಯಾದರೆ ಹೂಡಿಕೆದಾರರ ರಕ್ಷಣಾ ನಿಧಿಯಿದೆ. ಕ್ರಿಪ್ಟೊ ಫ್ಯೂಚರ್ಸ್‌ಗೆ ಇವೆರಡೂ ಇಲ್ಲ. ಮಗ ಹೇಳುವ ನೋಂದಣಿ 2023ರ ಮಾರ್ಚ್‌ನಲ್ಲಿ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ಬಂದದ್ದು. ಗ್ರಾಹಕ ಯಾರು, ಅನುಮಾನದ ವಹಿವಾಟು ಯಾವುದು ಎಂದು ಸರ್ಕಾರಕ್ಕೆ ತಿಳಿಸಲಿಕ್ಕೆ ಅದು; ನಿಮ್ಮ ಮಗನ ದುಡ್ಡು ಕಾಯಲಿಕ್ಕಲ್ಲ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ಕ್ರಿಪ್ಟೊ ಆ್ಯಪ್‌ನಿಂದ ಸುಮಾರು 23 ಕೋಟಿ ಡಾಲರ್ ಕಳವಾದಾಗ ಇಲ್ಲಿನ ಗ್ರಾಹಕರು ಸಿಂಗಾಪುರದ ಕೋರ್ಟಿನತ್ತ ನೋಡುತ್ತ ವರ್ಷ ಕಳೆಯಬೇಕಾಯಿತು.

ಬೇರೆ ದೇಶಗಳು ಕ್ರಿಪ್ಟೊವನ್ನು ಯಾವುದೋ ಒಂದು ಖಾನೆಗೆ ಹಾಕಿವೆ. ಅಮೆರಿಕದ ಸರಕು ಫ್ಯೂಚರ್ಸ್ ನಿಯಂತ್ರಕರು 2015ರಲ್ಲೇ ಬಿಟ್‌ಕಾಯಿನ್ ಸರಕು ಎಂದರು. 2017ರ ಡಿಸೆಂಬರ್‌ನಲ್ಲಿ ಶಿಕಾಗೊ ಎಕ್ಸ್‌ಚೇಂಜ್‌ನಲ್ಲಿ ಅದರ ಫ್ಯೂಚರ್ಸ್ ಶುರುವಾಯಿತು. ಬ್ರಿಟನ್ 2021ರ ಜನವರಿಯಿಂದ ಕ್ರಿಪ್ಟೊ ಫ್ಯೂಚರ್ಸ್ ಅನ್ನು ಸಾಮಾನ್ಯರಿಗೆ ಮಾರುವುದನ್ನೇ ನಿಷೇಧಿಸಿತು. ನಮ್ಮಲ್ಲಿ ತೆರಿಗೆ ಮಾತ್ರ ಮೊದಲು ಬಂತು.

ಆ ತೆರಿಗೆಯ ವಿಷಯದಲ್ಲಿ ಮಗ ಅರ್ಧ ಸರಿ. ಕಾಯಿನ್ ಮಾರಿದ ಲಾಭಕ್ಕೆ 2022ರ ಏಪ್ರಿಲ್‌ನಿಂದ 30%. ಒಂದು ಕಾಯಿನ್‌ನಲ್ಲಿ 50,000 ಲಾಭ, ಇನ್ನೊಂದರಲ್ಲಿ 50,000 ನಷ್ಟವಾದರೂ 15,000 ತೆರಿಗೆ, ಮೇಲೆ ಸೆಸ್. ರೂಪಾಯಿಯಲ್ಲೇ ಚುಕ್ತಾ ಆಗುವ ಫ್ಯೂಚರ್ಸ್‌ನಲ್ಲಿ ಕಾಯಿನ್ ಕೈ ಬದಲಾಗುವುದಿಲ್ಲ. ಹಾಗಾಗಿ ಅನೇಕ ಸಿಎಗಳು ಅದನ್ನು ವ್ಯಾಪಾರದ ಆದಾಯ ಎಂದು ತೋರಿಸುತ್ತಾರೆ. ಆಗಲೂ ಸ್ಲ್ಯಾಬ್ ಪ್ರಕಾರ ತೆರಿಗೆ ಉಂಟು. ಸಂಬಳ ಒಳ್ಳೆಯದಿದ್ದರೆ ಅದೂ 30%ಕ್ಕೇ ಮುಟ್ಟೀತು. ಮಾನ್ಯತೆ ಪಡೆದ ಎಕ್ಸ್‌ಚೇಂಜ್ ಅಲ್ಲದ ಕಾರಣ ಇಲಾಖೆ ಸಟ್ಟಾ ವಹಿವಾಟು ಎಂದರೆ, ನಷ್ಟವನ್ನು ಸಟ್ಟಾ ಲಾಭದ ಎದುರು ಮಾತ್ರ, ಮುಂದಿನ ನಾಲ್ಕು ವರ್ಷದೊಳಗೆ ಕಳೆಯಬೇಕು. ಮಾರ್ಜಿನ್‌ಗೆಂದು ಯುಎಸ್‌ಡಿಟಿ ಎಂಬ ಕಾಯಿನ್ ಕೊಂಡು ಮಾರಿದ್ದರೆ ಅದು ಕಾಯಿನ್ ಮಾರಾಟವೇ. ಟಿಡಿಎಸ್ ಕಡಿತವಾಗಲಿಲ್ಲ ಅಂದ ಮಾತ್ರಕ್ಕೆ ತೆರಿಗೆ ಇಲ್ಲ ಎಂದಲ್ಲ.

ನನಗೆ ಹೆಚ್ಚು ಭಯವಿರುವುದು ಲೆವರೇಜ್ ಬಗ್ಗೆ. 20 ಪಟ್ಟು ತೆಗೆದುಕೊಂಡರೆ 10,000 ರೂಪಾಯಿಗೆ 2 ಲಕ್ಷದ ವಹಿವಾಟು. ಬೆಲೆ 5% ಎದುರು ಹೋದರೆ 10,000 ಪೂರ್ತಿ ಹೋಯಿತು. ಆ್ಯಪ್ ಅದಕ್ಕೂ ಮೊದಲೇ ವಹಿವಾಟು ಮುಚ್ಚಿಬಿಡುತ್ತದೆ. ಬಿಟ್‌ಕಾಯಿನ್ ಒಂದೇ ರಾತ್ರಿಯಲ್ಲಿ ಅಷ್ಟು ಬೀಳುವುದು ಅಪರೂಪವೇನಲ್ಲ.

ಏಪ್ರಿಲ್‌ನಿಂದ ಇಲ್ಲಿಯವರೆಗಿನ ಲಾಭ–ನಷ್ಟದ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿಸಿ, ಬ್ಯಾಂಕ್ ಪಾಸ್‌ಬುಕ್ ಪಕ್ಕ ಇಟ್ಟು ಇಬ್ಬರೂ ಕೂತು ನೋಡಿ. ಬೈಯಬೇಡಿ. ಎಫ್‌ಡಿ ಕೇಳುವ ಹಟದ ಹಿಂದೆ ಬಹಳ ಸಲ ನಷ್ಟವೋ ಸಾಲವೋ ಇರುತ್ತದೆ. ಸಾಲ ಇದ್ದರೆ ಮೊದಲು ಅದನ್ನು ನನಗೆ ಬರೆಯಿರಿ. ತೀರಿಸುವ ದಾರಿ ಹುಡುಕೋಣ.