ಮರ ಕೊಯ್ಯುವ ಮಿಷನ್ನಿನ ಆರೈಕೆ

ಮಲೆನಾಡಿನ ಮಳೆಗಾಲ ನಮಗೆಲ್ಲ ಗೊತ್ತು. ಜೋರು ಗಾಳಿ ಬೀಸಿದರೆ ಮರ ಉರುಳುತ್ತದೆ. ತೋಟದ ಮೇಲೆ ಬೀಳುತ್ತದೆ. ರಸ್ತೆಗೆ ಅಡ್ಡ ಬೀಳುತ್ತದೆ. ಬಸ್ಸು ನಿಲ್ಲುತ್ತದೆ. ಆಗ ಊರವರು ಯಾರನ್ನು ಕರೆಯುತ್ತಾರೆ? ಮಿಷನ್ ಇರುವವರನ್ನು.

ಮೊದಲು ಇಬ್ಬರು ಹಿಡಿದು ಎಳೆಯುವ ಗರಗಸ ಇತ್ತು. ಈಗ ಪೆಟ್ರೋಲ್ ಹಾಕಿ ನಡೆಸುವ ಗರಗಸ ಬಂದಿದೆ. ಇದಕ್ಕೆ ಚೈನ್ ಸಾ ಎನ್ನುತ್ತಾರೆ. ನಾವು ಮನೆಯಲ್ಲಿ ಬರೀ ಮಿಷನ್ ಅಂತೇವೆ.

ನಮ್ಮ ಸಂಘದ ಕೆಲವರ ಮನೆಯಲ್ಲಿ ಈ ಮಿಷನ್ ಇದೆ. ಗಂಡಸರು ಸಂಜೆ ತರುತ್ತಾರೆ. ಜಗಲಿಯ ಮೂಲೆಯಲ್ಲಿ ಇಟ್ಟು ಸ್ನಾನಕ್ಕೆ ಹೋಗುತ್ತಾರೆ. ಅದು ಗಂಡಸರ ಸಾಮಾನು ಅಂತ ನಾವು ಸುಮ್ಮನಿದ್ದೆವು. ಕಸ ಗುಡಿಸುವಾಗ ಸರಿಸಿ ಇಡುತ್ತಿದ್ದೆವು, ಅಷ್ಟೇ.

ಮೇಲಿನ ಮನೆ ಅಕ್ಕನಿಗೆ ಒಂದು ದಿನ ಪೆಟ್ಟು ಬಿತ್ತು. ಅವರು ಸಂಘದಲ್ಲಿ ಸಾಲ ಮಾಡಿ ಮಿಷನ್ ಕೊಂಡಿದ್ದರು. ಮನೆಯಲ್ಲಿ ಎರಡು ಪೆಟ್ರೋಲ್ ಕ್ಯಾನ್ ಇದ್ದವು. ಒಂದು ಬೈಕಿಗೆ. ಇನ್ನೊಂದು ಮಿಷನ್ನಿಗೆ.

“ಪೆಟ್ರೋಲ್ ಕ್ಯಾನ್ ತಗೊಂಡು ಬಾರೇ,” ಅಂತ ಭಾವ ಅಂಗಳದಿಂದ ಕೂಗಿದರು.

“ಯಾವುದ್ರೀ? ಎರಡೂ ಒಂದೇ ಥರ ಇದಾವೆ.”

“ಬಿಳೀದು ತಾ.”

“ಎರಡೂ ಬಿಳೀದೇ!”

“ಯಾವುದೋ ಒಂದು ತಾ. ಹೊತ್ತಾಯ್ತು.”

ಅಕ್ಕ ತಂದದ್ದು ಬೈಕಿನ ಕ್ಯಾನ್. ಮಿಷನ್ ಸ್ವಲ್ಪ ಹೊತ್ತು ಓಡಿತು. ಆಮೇಲೆ ಕಿರ್ ಅಂತ ನಿಂತಿತು. ಹಗ್ಗ ಎಳೆದರೆ ಬರಲೇ ಇಲ್ಲ. ರಿಪೇರಿಯವರು ಬಿಚ್ಚಿ ನೋಡಿದರು. “ಆಯಿಲ್ ಇಲ್ಲದೆ ಓಡಿದೆ. ಒಳಗೆ ಪಿಸ್ಟನ್ ಕೆರೆದು ಹೋಗಿದೆ,” ಅಂದರು. ಮಳೆಗಾಲದ ಕೆಲಸವೆಲ್ಲ ಕೈ ತಪ್ಪಿತು. ಸಾಲದ ಕಂತನ್ನು ಅಕ್ಕ ಹಾಲು ಮಾರಿದ ದುಡ್ಡಿನಲ್ಲಿ ಕಟ್ಟಿದರು.

ಯಾಕೆ ಹೀಗಾಯಿತು? ಚೈನ್ ಸಾ ಇಂಜಿನ್ನಿಗೆ ಬರೀ ಪೆಟ್ರೋಲ್ ಹಾಕಬಾರದು. ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸಿ ಹಾಕಬೇಕು. ಇಂಜಿನ್ನಿನ ಒಳಗೆ ಜಿಡ್ಡು ಕೊಡುವುದು ಈ ಆಯಿಲ್ಲೇ. ಜಿಡ್ಡು ಇಲ್ಲದಿದ್ದರೆ ಲೋಹಕ್ಕೆ ಲೋಹ ಉಜ್ಜಿ, ಕಾದು, ಕಚ್ಚಿಕೊಳ್ಳುತ್ತದೆ.

ಎಷ್ಟು ಆಯಿಲ್ ಬೆರೆಸಬೇಕು? ಮಿಷನ್ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ. ಆಯಿಲ್ ಬಾಟಲಿಯ ಮೇಲೂ ಇರುತ್ತದೆ. 50:1 ಅಂತ ಇದ್ದರೆ 50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್. 1 ಲೀಟರ್ ಅಂದರೆ 1000 ಎಂ.ಎಲ್. ಅದಕ್ಕೆ 20 ಎಂ.ಎಲ್. ಆಯಿಲ್ ಸಾಕು. 25:1 ಅಂತ ಇದ್ದರೆ 40 ಎಂ.ಎಲ್. ಬೇಕು. ಕೈ ಅಂದಾಜು ಬೇಡ. ಗೆರೆ ಇರುವ ಔಷಧಿ ಮುಚ್ಚಳದಲ್ಲಿ ಅಳೆಯಬಹುದು. ಆಯಿಲ್ ಅಳೆದ ಮುಚ್ಚಳದಲ್ಲಿ ಮತ್ತೆ ಮಕ್ಕಳಿಗೆ ಔಷಧಿ ಕುಡಿಸಬೇಡಿ.

ಬೆರೆಸಿದ ಪೆಟ್ರೋಲನ್ನು ಒಂದು ತಿಂಗಳಿಗಿಂತ ಹೆಚ್ಚು ಇಡಬಾರದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ ಎಥೆನಾಲ್ ಬೆರೆಸಿರುತ್ತಾರೆ. ಅದು ನೀರಿನ ಪಸೆ ಎಳೆಯುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಉಪ್ಪೇ ನೀರಾಗುತ್ತದೆ, ಇನ್ನು ಇದು ಕೇಳಬೇಕೇ! ಎಷ್ಟು ಬೇಕೋ ಅಷ್ಟೇ ಬೆರೆಸಿ.

ಈಗ ಮಿಷನ್ ಶುಚಿ ಮಾಡುವ ಬಗೆ ನೋಡೋಣ.

ಇಂಜಿನ್ ನಿಂತಿರಬೇಕು. ತಣ್ಣಗಾಗಿರಬೇಕು. ಪ್ಲಗ್ಗಿನ ಟೋಪಿ ಎಳೆದು ತೆಗೆಯಿರಿ. ಆಗ ಮಿಷನ್ ತಾನಾಗಿ ಚಾಲೂ ಆಗುವ ಭಯ ಇಲ್ಲ. ಚೈನು ನಿಂತಿದ್ದರೂ ಹಲ್ಲು ಕೈ ಸೀಳುತ್ತದೆ. ದಪ್ಪ ಕೈಗವಸು ಹಾಕಿಕೊಳ್ಳಿ. ಈ ಕೆಲಸ ಅಂಗಳದಲ್ಲೇ ಆಗಲಿ. ಅಡುಗೆಮನೆಯಲ್ಲಿ ಬೇಡ, ಬಚ್ಚಲ ಒಲೆಯ ಹತ್ತಿರ ಬೇಡ. ಪೆಟ್ರೋಲಿನ ಆವಿ ನೆಲದ ಮೇಲೇ ಹರಿದು ಹೋಗುತ್ತದೆ. ದೂರದ ಕಿಡಿಯೂ ಅದಕ್ಕೆ ಸಾಕು.

ಪಕ್ಕದ ಮುಚ್ಚಳದ ನಟ್ಟುಗಳನ್ನು ಪಾನದಿಂದ ಬಿಚ್ಚಿ. ಒಳಗೆ ಮರದ ಹುಡಿ ಆಯಿಲ್ ಜೊತೆ ಸೇರಿ ಗಟ್ಟಿಯಾಗಿ ಕೂತಿರುತ್ತದೆ. ಮೊದಲ ಸಲ ನೋಡಿದಾಗ ನಮಗೆ ತಳ ಹಿಡಿದ ಪಾತ್ರೆಯ ನೆನಪಾಯಿತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ತೆಗೆಯಿರಿ. ಒಣ ಬಟ್ಟೆಯಿಂದ ಒರೆಸಿ. ನೀರು ಹೊಯ್ದು ತೊಳೆಯಬಾರದು.

ಚೈನು ಓಡುವ ಉದ್ದನೆಯ ಪಟ್ಟಿಗೆ ಬಾರ್ ಎನ್ನುತ್ತಾರೆ. ಅದರ ಅಂಚಿನ ಉದ್ದಕ್ಕೂ ಒಂದು ಗಾಡಿ ಇದೆ. ಅಲ್ಲೂ ಹುಡಿ ತುಂಬಿರುತ್ತದೆ. ತೆಳು ತಗಡಿನ ಚೂರಿನಿಂದ ಎಳೆದು ತೆಗೆಯಿರಿ. ಬಾರಿನಲ್ಲಿ ಆಯಿಲ್ ಬರುವ ಸಣ್ಣ ತೂತು ಇದೆ. ಅದು ಕಟ್ಟಿದರೆ ಚೈನು ಒಣಗುತ್ತದೆ, ಕಾಯುತ್ತದೆ, ಬಾರ್ ಸವೆಯುತ್ತದೆ. ತಂತಿಯಿಂದ ಆ ತೂತು ಬಿಡಿಸಿ. ತಿರುಗಿ ಕೂರಿಸುವಾಗ ಬಾರನ್ನು ಮೇಲೆ ಕೆಳಗೆ ಮಗುಚಿ ಹಾಕಿ. ಹಾಗೆ ಮಾಡಿದರೆ ಎರಡು ಅಂಚೂ ಸಮ ಸವೆಯುತ್ತವೆ.

ಮಿಷನ್ನಿಗೆ ಎರಡು ಬಾಯಿ. ಒಂದು ಪೆಟ್ರೋಲಿಗೆ, ಒಂದು ಚೈನಿನ ಆಯಿಲ್‌ಗೆ. ಪೆಟ್ರೋಲ್ ಹಾಕಿದಾಗಲೆಲ್ಲ ಚೈನಿನ ಆಯಿಲ್ ಕೂಡ ತುಂಬಬೇಕು. ಗಾಡಿಯಿಂದ ಇಳಿಸಿದ ಸುಟ್ಟ ಆಯಿಲ್ ಸಾಕು ಅನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಅದರಲ್ಲಿ ಕಬ್ಬಿಣದ ಹುಡಿ ಇರುತ್ತದೆ.

ಗಾಳಿ ಸೋಸುವ ಫಿಲ್ಟರ್ ಮೇಲ್ಗಡೆ ಇದೆ. ತೆಗೆಯುವ ಮೊದಲು ಚೋಕ್ ಮುಚ್ಚಿ. ಇಲ್ಲದಿದ್ದರೆ ಹುಡಿ ಇಂಜಿನ್ನಿನ ಒಳಗೆ ಬೀಳುತ್ತದೆ. ಫಿಲ್ಟರನ್ನು ಮೆಲ್ಲಗೆ ತಟ್ಟಿ. ತೊಳೆಯುವ ಜಾತಿಯದಾದರೆ ಸೋಪಿನ ಬೆಚ್ಚಗಿನ ನೀರಲ್ಲಿ ತೊಳೆಯಬಹುದು. ಪೂರಾ ಒಣಗಿದ ಮೇಲೇ ಹಾಕಿ. ಒಲೆ ಮೇಲೆ ಒಣಗಿಸಲು ಹೋಗಬೇಡಿ, ಕರಗಿ ಹೋದೀತು.

ಹಲ್ಲು ಮಸೆಯುವುದು ಸ್ವಲ್ಪ ಕೈ ಕುದುರಬೇಕಾದ ಕೆಲಸ. ಕತ್ತಿ ಮಸೆದವರಿಗೆ ಬೇಗ ಬರುತ್ತದೆ. ಹಲ್ಲು ಮೊಂಡಾಗಿದೆ ಅಂತ ತಿಳಿಯುವುದು ಹೇಗೆ? ಚೂಪಾದ ಹಲ್ಲು ಮರದಿಂದ ಚಕ್ಕೆ ಚಕ್ಕೆಯಾಗಿ ತೆಗೆಯುತ್ತದೆ. ಮೊಂಡು ಹಲ್ಲು ಹಿಟ್ಟಿನಂಥ ಹುಡಿ ಉದುರಿಸುತ್ತದೆ. ಸಂಜೆ ಮನೆಯವರ ಬಟ್ಟೆ ಒಗೆಯುವಾಗ ಗಮನಿಸಿ. ಮಡಿಕೆಯಲ್ಲಿ ಸಿಕ್ಕಿದ್ದು ಚಕ್ಕೆಯೋ ಹಿಟ್ಟೋ?

ಮೊಂಡು ಹಲ್ಲು ಸುಮ್ಮನೆ ಇರುತ್ತದೆ ಅಂದುಕೊಳ್ಳಬೇಡಿ. ಅದು ಕೊಯ್ಯುವುದಿಲ್ಲ. ಓಡಿಸುವವರು ಮೈಭಾರ ಹಾಕಿ ಒತ್ತುತ್ತಾರೆ. ತೋಳು ಸೋಲುತ್ತದೆ, ಹಿಡಿತ ತಪ್ಪುತ್ತದೆ.

ಮಸೆಯಲು ದುಂಡು ಅರ ಬೇಕು. ಅರದ ದಪ್ಪ ಚೈನಿಗೆ ಹೊಂದಬೇಕು. ಚೈನಿನ ಡಬ್ಬಿ ಓದಿ, 4 ಮಿ.ಮೀ. ಅಥವಾ 4.8 ಮಿ.ಮೀ. ಎಂದು ಇರುತ್ತದೆ. ಅಂಗಡಿಯಲ್ಲಿ ಆ ಅಂಕಿ ಹೇಳಿ ಕೇಳಿ. ಅರವನ್ನು ಮುಂದಕ್ಕೆ ಮಾತ್ರ ತಳ್ಳಿ. ಹಿಂದಕ್ಕೆ ತರುವಾಗ ಎತ್ತಿಬಿಡಿ. ಒಂದು ಹಲ್ಲಿಗೆ 3 ಸಲ ತಳ್ಳಿದರೆ ಎಲ್ಲಕ್ಕೂ 3 ಸಲ. ಮೊದಲು ಒಂದು ಕಡೆಯ ಹಲ್ಲು ಮುಗಿಸಿ, ಆಮೇಲೆ ಇನ್ನೊಂದು ಕಡೆಯದು. ಒಂದು ಕಡೆ ಹೆಚ್ಚು ಸವೆದರೆ ಮಿಷನ್ ಓರೆಯಾಗಿ ಕೊಯ್ಯುತ್ತದೆ.

ಚೈನು ಎಷ್ಟು ಬಿಗಿ ಇರಬೇಕು? ಬಾರಿನ ಕೆಳಗೆ ಜೋತು ಬೀಳಬಾರದು. ಗವಸು ಹಾಕಿದ ಕೈಯಲ್ಲಿ ಎಳೆದರೆ ಸಲೀಸಾಗಿ ಸರಿಯಬೇಕು. ಬಿಗಿ ಮಾಡುವಾಗ ಬಾರಿನ ಮೂತಿ ಎತ್ತಿ ಹಿಡಿಯಿರಿ.

ಕೊನೆಗೆ ಬ್ರೇಕು. ಬಾರಿನ ಮೂತಿಯ ಮೇಲ್ಭಾಗ ಕೊಂಬೆಗೆ ತಾಗಿದರೆ ಮಿಷನ್ ಚಂಗನೆ ಮುಖದ ಕಡೆಗೆ ಹಾರುತ್ತದೆ. ಕಣ್ಣು ಮಿಟುಕಿಸುವಷ್ಟೂ ಹೊತ್ತು ಇರುವುದಿಲ್ಲ. ಆಗ ಚೈನನ್ನು ನಿಲ್ಲಿಸುವುದು ಬ್ರೇಕು. ಮುಂದಿನ ಹಿಡಿಕೆಯ ಎದುರು ಅದರ ಅಡ್ಡ ಹಲಗೆ ಇದೆ. ಇಂಜಿನ್ ನಿಂತಿರುವಾಗಲೇ ಅದನ್ನು ಮುಂದಕ್ಕೆ ತಳ್ಳಿ. ಟಕ್ ಅಂತ ಕೂರಬೇಕು. ಈಗ ಚೈನು ಎಳೆದರೆ ಸರಿಯಬಾರದು. ಹಲಗೆ ಹಿಂದಕ್ಕೆ ಎಳೆದರೆ ಮತ್ತೆ ಸರಿಯಬೇಕು.

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಮೇಲಿನ ಮನೆ ಅಕ್ಕ ಹೀಗೆ ನೋಡಿದರು. ಬ್ರೇಕು ಹಾಕಿದರೂ ಚೈನು ಸರಿಯಿತು.

“ಇವತ್ತು ಮಿಷನ್ ಹೊರಗೆ ಹೋಗೋದು ಬೇಡ,” ಅಂದರು.

“ಒಂದು ದಿನದ ಕೂಲಿ ಹೋಗುತ್ತಲ್ಲೇ!” ಅಂದರು ಭಾವ.

“ಹೋಗಲಿ ಬಿಡ್ರೀ. ನಿಮ್ಮ ಮುಖ ಇರಲಿ.”

ಭಾವ ಗೊಣಗುತ್ತಲೇ ರಿಪೇರಿ ಅಂಗಡಿಗೆ ಹೋದರು. ಬ್ರೇಕಿನ ಪಟ್ಟಿ ಸವೆದಿತ್ತು. ಹೊಸದು ಹಾಕಿಸಿಕೊಂಡು ಮಧ್ಯಾಹ್ನವೇ ಬಂದರು.

ಅಕ್ಕನ ಮನೆಯಲ್ಲಿ ಈಗಲೂ ಎರಡು ಬಿಳಿ ಕ್ಯಾನ್ ಇವೆ. ಒಂದರ ಮೇಲೆ ಕೆಂಪು ಬಣ್ಣದಲ್ಲಿ ‘ಬೈಕ್’ ಎಂದಿದೆ. ಇನ್ನೊಂದರ ಮೇಲೆ ‘ಮಿಷನ್’. ಎರಡೂ ಅಕ್ಕನ ಕೈಬರಹ. ‘ಷ’ ಸ್ವಲ್ಪ ಸೊಟ್ಟ.

ಮಾಡಿ ನೋಡಿ

1. ಪುಸ್ತಕದಲ್ಲಿ 50:1 ಎಂದಿದೆ. 3 ಲೀಟರ್ ಪೆಟ್ರೋಲಿಗೆ ಎಷ್ಟು ಎಂ.ಎಲ್. ಆಯಿಲ್ ಬೇಕು? ಅರ್ಧ ಲೀಟರಿಗೆ ಎಷ್ಟು?

2. ನಿಮ್ಮ ಮನೆಯಲ್ಲಿ ಒಂದೇ ಥರ ಕಾಣುವ ಡಬ್ಬಿ, ಬಾಟಲಿ, ಕ್ಯಾನುಗಳು ಯಾವುವು? ಅವುಗಳಲ್ಲಿ ಇರುವ ವಸ್ತುವಿನ ಹೆಸರು ಬರೆದು ಅಂಟಿಸಿ.