ದಮ್ಮು ಕಟ್ಟುವುದು ಹೃದಯದಿಂದ ಮಾತ್ರವೇ?



ಮನೆಭೇಟಿಗೆ ಹೋದಾಗ ಹೃದ್ರೋಗಿಗಳಿಂದ ನಾವು ಮತ್ತೆ ಮತ್ತೆ ಕೇಳುವ ಮಾತಿದು: "ಮಾತ್ರೆ ಒಂದಿನಾನೂ ತಪ್ಪಿಸಿಲ್ಲ, ಆದ್ರೂ ಒಂದು ಕೊಡ ನೀರು ತರೋಷ್ಟರಲ್ಲಿ ದಮ್ಮು ಕಟ್ಟುತ್ತೆ." ಮನೆಯವರು ಕೂಡಲೇ "ನೀವು ಸುಮ್ನೆ ಕೂತ್ಕೊಳ್ಳಿ" ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಆದರೆ ಕೂತು ಕೂತೇ ಕಾಯಿಲೆಯವರ ಶಕ್ತಿ ಇನ್ನಷ್ಟು ಕುಂದುತ್ತದೆ.

ಉಸಿರು ಎಳೆಯುವುದು ಶ್ವಾಸಕೋಶ ಎಂದು ನಮ್ಮಲ್ಲಿ ಹಲವರು ತಿಳಿದಿದ್ದೇವೆ. ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಶಕ್ತಿ ಇಲ್ಲ. ಎದೆಗೂ ಹೊಟ್ಟೆಗೂ ನಡುವೆ ಛತ್ರಿಯಂತೆ ಕವುಚಿಕೊಂಡಿರುವ ವಪೆ ಎಂಬ ಸ್ನಾಯು ಕೆಳಗಿಳಿದು, ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಎದೆಗೂಡನ್ನು ಎತ್ತಿದಾಗ ಗಾಳಿ ಒಳಗೆ ಬರುತ್ತದೆ. ಕೈಕಾಲಿನ ಸ್ನಾಯುವಿನಂತೆ ಇವಕ್ಕೂ ರಕ್ತ ಬೇಕು, ಆಹಾರ ಬೇಕು, ದುಡಿಮೆ ಬೇಕು. ಹೃದಯ ವೈಫಲ್ಯದಲ್ಲಿ, ಅಂದರೆ ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ಪಂಪು ಮಾಡಲಾಗದ ಸ್ಥಿತಿಯಲ್ಲಿ, ಅನೇಕರಿಗೆ ಈ ಸ್ನಾಯುಗಳೂ ಬಡವಾಗುತ್ತವೆ. ಆಗ ನಾಲ್ಕು ಹೆಜ್ಜೆ ನಡೆದರೆ ಉಸಿರಿನ ಸ್ನಾಯು ಸುಸ್ತಾಗುತ್ತದೆ. ಅದು ಸುಸ್ತಾದ ಸುದ್ದಿ ನರಗಳ ಮೂಲಕ ಮೆದುಳಿಗೆ ಮುಟ್ಟಿದರೆ ಕಾಲಿನ ರಕ್ತನಾಳಗಳು ಬಿಗಿಯುತ್ತವೆ, ಕಾಲಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. "ಕಾಲೇ ಎತ್ತಿಡಕ್ಕಾಗಲ್ಲ" ಎಂಬುದು ಸೋಮಾರಿಗಳ ಮಾತಲ್ಲ.

ಇದನ್ನು ಅಳೆಯಬಹುದು. ಒಂದು ಕೊಳವೆಯನ್ನು ಬಾಯಲ್ಲಿಟ್ಟು ಆದಷ್ಟು ಜೋರಾಗಿ ಉಸಿರು ಎಳೆಯಲು ಹೇಳುತ್ತಾರೆ. ಆ ವಯಸ್ಸಿನವರಿಗೆ ಇರಬೇಕಾದ ಬಲದ ಶೇ. 70ಕ್ಕಿಂತ ಕಡಿಮೆ ಬಂದರೆ ಸ್ನಾಯು ದುರ್ಬಲ ಎಂದು ಸಾಮಾನ್ಯವಾಗಿ ಲೆಕ್ಕ. ನಡೆಯುವ ಶಕ್ತಿ ನೋಡಲು ಇನ್ನೂ ಸರಳ ಪರೀಕ್ಷೆಯಿದೆ: 30 ಮೀಟರ್ ಉದ್ದದ ಸಮತಟ್ಟಾದ ಜಾಗದಲ್ಲಿ 6 ನಿಮಿಷ ಹೋಗಿ ಬಂದು ಮಾಡಿಸಿ, ಎಷ್ಟು ಮೀಟರ್ ಆಯಿತೆಂದು ಬರೆದುಕೊಳ್ಳುವುದು. ನಡುವೆ ನಿಂತು ಸುಧಾರಿಸಿಕೊಂಡರೂ ತಪ್ಪಿಲ್ಲ.

2006ರಲ್ಲಿ ಬ್ರೆಜಿಲ್ ದೇಶದ ವೈದ್ಯರು ಇಂತಹ 32 ರೋಗಿಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಅವರಲ್ಲಿ ಅರ್ಧ ಜನ, ಉಸಿರೆಳೆತಕ್ಕೆ ತಡೆ ಒಡ್ಡುವ ಒಂದು ಚಿಕ್ಕ ಸಾಧನದಿಂದ ದಿನಕ್ಕೆ 30 ನಿಮಿಷದಂತೆ 12 ವಾರ ಅಭ್ಯಾಸ ಮಾಡಿದರು. ತಡೆ ಇಟ್ಟದ್ದು ಅವರವರ ಬಲದ ಶೇ. 30 ಮಾತ್ರ. ಉಳಿದವರಿಗೆ ಅದೇ ಸಾಧನ, ತಡೆ ಇಲ್ಲದೆ. ಅಭ್ಯಾಸ ಮಾಡಿದವರ ಉಸಿರೆಳೆಯುವ ಬಲ ಎರಡರಷ್ಟಕ್ಕೂ ಹೆಚ್ಚಾಯಿತು. 6 ನಿಮಿಷದ ನಡಿಗೆಯ ದೂರ ಶೇ. 19ರಷ್ಟು ಏರಿತು. ಚಿಕ್ಕ ಅಧ್ಯಯನವೇ ನಿಜ, ಆದರೂ ಭರವಸೆ ಕೊಡುವಂಥದ್ದು.

ಇಲ್ಲಿ ಒಂದು ಮಾತು ಹೇಳಲೇಬೇಕು. "ಬಲೂನು ಊದಿ, ಎದೆ ಗಟ್ಟಿಯಾಗುತ್ತೆ" ಎಂದು ಅಕ್ಕಪಕ್ಕದವರು ಸಲಹೆ ಕೊಡುತ್ತಾರೆ. ಬಲೂನು ಊದುವುದು ಉಸಿರು ಹೊರಹಾಕುವ ಕೆಲಸ. ನಮಗೆ ಬಲ ಬೇಕಾಗಿರುವುದು ಒಳಗೆಳೆಯಲು. ಮೇಲಾಗಿ ಉಸಿರು ಬಿಗಿಹಿಡಿದು ತಿಣುಕುವುದು ಹೃದ್ರೋಗಿಗೆ ಒಳ್ಳೆಯದಲ್ಲ. ಆಪರೇಷನ್ ಆದಮೇಲೆ ಆಸ್ಪತ್ರೆಯಲ್ಲಿ ಕೊಡುವ ಮೂರು ಚೆಂಡಿನ ಸಾಧನವೂ ಬೇರೆ. ಅದು ಶ್ವಾಸಕೋಶ ಚೆನ್ನಾಗಿ ಹಿಗ್ಗಲೆಂದು ಕೊಡುವುದು, ಸ್ನಾಯು ಬಲಪಡಿಸಲೆಂದಲ್ಲ. ಎಷ್ಟೋ ಮನೆಗಳಲ್ಲಿ ಅದು ಮಕ್ಕಳ ಆಟಿಕೆಯಾಗಿದೆ ಬಿಡಿ!

ತಡೆಯ ಸಾಧನ ಎಲ್ಲರಿಗೂ ಬೇಕಿಲ್ಲ. ವೈದ್ಯರು ಮತ್ತು ಫಿಸಿಯೋಥೆರಪಿಸ್ಟರು ನೋಡಿ ಹೇಳಬೇಕು. ನಡಿಗೆಯನ್ನೂ ಅವರನ್ನು ಕೇಳಿಯೇ ಶುರುಮಾಡಿ. ಮೊದಲು ಅಂಗಳದಲ್ಲಿ 5 ನಿಮಿಷ ಸಾಕು. ನಡೆಯುತ್ತಾ ಜೊತೆಯವರೊಡನೆ ಮಾತಾಡಲು ಆಗಬೇಕು. ಮಾತು ತುಂಡಾದರೆ ನಿಧಾನಿಸಿ. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ, ವೈದ್ಯರಿಗೆ ತಿಳಿಸಿ. ಕೂತರೂ ನೋವು ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಎರಡು ಮೂರು ದಿನದಲ್ಲಿ 2 ಕಿಲೋ ತೂಕ ಏರಿದರೆ, ಕಾಲು ಊದಿದರೆ, ರಾತ್ರಿ ದಿಂಬಿನ ಮೇಲೆ ದಿಂಬು ಇಟ್ಟುಕೊಳ್ಳದೆ ಮಲಗಲಾಗದಿದ್ದರೆ ವ್ಯಾಯಾಮ ಬಿಟ್ಟು ಅಂದೇ ವೈದ್ಯರನ್ನು ಕಾಣಿ.