ಬ್ಯಾಡಗಿ ಸುಕ್ಕಿನ ಶಾಲು: ನೂಲಿನ ಲೆಕ್ಕ ಹೀಗೆ

ಹಾವೇರಿ ಅಂದ್ರೆ ಏಲಕ್ಕಿ ಮಾಲೆ, ರಾಣೆಬೆನ್ನೂರು ಸೀಮೆ ಅಂದ್ರೆ ಮೇಡ್ಲೇರಿ ಕಂಬಳಿ, ಬ್ಯಾಡಗಿ ಅಂದ್ರೆ ಮೆಣಸಿನಕಾಯಿ. ಕಂಬಳಿಗೆ ಮಗ್ಗ ಬೇಕು, ಹಾಸು ಹೊಕ್ಕು ಬೇಕು. ಹೆಣಿಗೆಗೆ ಎರಡು ಕಡ್ಡಿ, ಒಂದು ಉಂಡೆ ಉಲ್ಲನ್ ಸಾಕು. ಈ ಸಲ ನಾವು 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಸುಕ್ಕನ್ನು ಒಂದು ಓರೆ ತ್ರಿಕೋನದ ಶಾಲಿಗೆ ತರೋಣ. ಸೀದಾ, ಉಲ್ಟಾ ಹೆಣೆಯೋದು ಗೊತ್ತಿದ್ದರೆ ಸಾಕು.

ಸುಕ್ಕು ಬರೋದು ಹೇಗೆ?
ಹಣ್ಣು ಒಣಗಿದಾಗ ನೀರು ಹೋಗಿ ಸಿಪ್ಪೆ ಮುದುಡುತ್ತೆ. ಹೆಣಿಗೆಯಲ್ಲಿ ಆ ಕೆಲಸ ಸುರುಳಿಯದು. ಸೀದಾ ಮೈ ಒಂದು ಕಡೆಗೆ ಸುತ್ತಿಕೊಂಡರೆ ಉಲ್ಟಾ ಮೈ ಅದರ ವಿರುದ್ಧ ಕಡೆಗೆ ಸುತ್ತಿಕೊಳ್ಳುತ್ತೆ. ಎರಡನ್ನೂ ನಾಲ್ಕು ನಾಲ್ಕು ಸಾಲು ಹಾಕಿದರೆ ಬಟ್ಟೆ ತಾನೇ ಮಡಿಕೆ ಬೀಳುತ್ತೆ.

ಹೆಣೆಯುವ ಕ್ರಮ
1. ಕಡ್ಡಿಗೆ 3 ಕುಣಿಕೆ ಹಾಕಿ.
2. 1ರಿಂದ 4ನೇ ಸಾಲು: ಬೆಸ ಸಾಲು ಸೀದಾ, ಸಮ ಸಾಲು ಉಲ್ಟಾ.
3. 5ರಿಂದ 8ನೇ ಸಾಲು: ಬೆಸ ಸಾಲು ಉಲ್ಟಾ, ಸಮ ಸಾಲು ಸೀದಾ.
4. ಪ್ರತಿ ಬೆಸ ಸಾಲಿನ ಮೊದಲ ಕುಣಿಕೆಯಲ್ಲಿ ಎರಡು ಸಲ ಹೆಣೆದು ಒಂದು ಕುಣಿಕೆ ಹೆಚ್ಚಿಸಿ.
5. ಈ 8 ಸಾಲು ಮತ್ತೆ ಮತ್ತೆ.

ಹೆಚ್ಚಿಸೋದು ಒಂದೇ ಅಂಚಿನಲ್ಲಿ. ಹಾಗಾಗಿ ಒಂದು ಅಂಚು ನೇರ, ಇನ್ನೊಂದು ಓರೆ.

ನೂಲಿನ ಲೆಕ್ಕ
ಹೊಸಬರು ಸಿಕ್ಕಿಬೀಳೋದು ಇಲ್ಲೇ. 200 ಸಾಲಿನ ಶಾಲಿನಲ್ಲಿ ಒಟ್ಟು 10,700 ಕುಣಿಕೆ. 100ನೇ ಸಾಲು ಮುಗಿದಾಗ ಆಗಿರೋದು 2,850 ಮಾತ್ರ. ಸಾಲು ಎಣಿಸಿದರೆ ಅರ್ಧ, ನೂಲು ತೂಗಿದರೆ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು! ಅರ್ಧ ನೂಲು ಖರ್ಚಾಗೋದು ಸುಮಾರು 140ನೇ ಸಾಲಿಗೆ. ಸಾಲಿನ ಜೊತೆ ಅಗಲವೂ ಬೆಳೆಯೋದರಿಂದ ನೂಲು ಹೆಚ್ಚುಕಡಿಮೆ ವರ್ಗದ ಲೆಕ್ಕದಲ್ಲಿ ಏರುತ್ತೆ. "ಇನ್ನೂ ಉಂಡೆ ದಪ್ಪ ಇದೆ" ಅಂತ ಮುಂದುವರಿದರೆ ಅಂಚು ಮುಚ್ಚುವ ಹೊತ್ತಿಗೆ ನೂಲು ಸಾಲದೆ, ತಿಂಗಳ ಕೆಲಸ ಬಿಚ್ಚಬೇಕಾಗುತ್ತೆ.

ಉಪಾಯ ಸುಲಭ. ಅಡುಗೆಮನೆ ತಕ್ಕಡಿಯಲ್ಲಿ 8 ಸಾಲಿಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಉಂಡೆ ತೂಗಿ. ಮುಂದಿನ 8 ಸಾಲಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಅಷ್ಟನ್ನು ಕಳೆದ ಮೇಲೂ ಅಂಚಿನ ಅಗಲದ ನಾಲ್ಕು ಪಟ್ಟು ನೂಲು ಉಳಿಯುತ್ತೆ ಅನ್ನಿಸಿದರೆ ಮಾತ್ರ ಮುಂದುವರಿಯಿರಿ. ಇಲ್ಲದಿದ್ದರೆ ಅಲ್ಲೇ ಸಡಿಲವಾಗಿ ಮುಚ್ಚಿ.

ಒಗೆದ ಮೇಲೆ ಎಳೆದು ಒಣಹಾಕಬೇಡಿ, ಸುಕ್ಕು ಹೋಗುತ್ತೆ. ಚಾಪೆ ಮೇಲೆ ನೆರಳಲ್ಲಿ ಹರವಿ. ಸುಕ್ಕಿದ್ದರೇ ಬ್ಯಾಡಗಿ!